ದಾನವ್ವನ ಶ್ರುತಿಗೆ ದಾದಾಪೀರರ ರಬ್ಬರು

ಸವಣೂರಿನ ಓಣಿಯಲ್ಲಿ ವೀಳ್ಯದೆಲೆಯ ಪೆಂಡಿಗಳು ಇನ್ನೂ ಇಳಿದಿಲ್ಲ. ದಾದಾಪೀರ ಆಗಲೇ ಸ್ಕ್ರೂಡ್ರೈವರ್ ಹಿಡಿದು ಕೂತಿದ್ದಾರೆ. ಎದುರಿಗೆ ಹಿರೇಬೆಂಡಿಗೇರಿಯಿಂದ ಮೊದಲ ಬಸ್ಸಿಗೆ ಬಂದ ದಾನವ್ವ, ತೊಡೆಯ ಮೇಲೆ ಅಗ್ಗದ ಕೀಬೋರ್ಡು. ಇಂದು ಅಮಾವಾಸ್ಯೆ, ಸಂಜೆ ಭಜನೆ. ಶ್ರುತಿಗೆ ಒತ್ತುವ ಕೀಲಿಯೇ, ಭಜನೆಯವರ ಬಾಯಲ್ಲಿ ‘ಮನೆ’, ಮೂಕವಾಗಿದೆ.

“ಮತ್ತ ಕಡ್ಡಿ ಸಿಗಿಸೀರೇನ್ರೀ ಯವ್ವಾ?”

“ಕೈ ತಾಳಕ್ಕ ಬೇಕಲ್ಲೋ ಯಪ್ಪಾ! ಆ ಶ್ರುತಿ ಬಿಟ್ರ ನನ್ನ ದನಿ ಏಳಂಗಿಲ್ಲ.”

ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಭಜನೆಯವರದು ಇದೊಂದೇ ತಪ್ಪು. ಮನೆ ಒತ್ತಿಯೇ ಇರಲೆಂದು ಸಂದಿಗೆ ಬೆಂಕಿಕಡ್ಡಿ ಸಿಗಿಸಿ ಹಾಡುತ್ತ ಕೂತುಬಿಡುತ್ತಾರೆ. ಅಡಿಯ ರಬ್ಬರು ಚಪ್ಪಟೆಯಾಗಿ ಮತ್ತೆ ಏಳುವುದಿಲ್ಲ.

ದಾದಾಪೀರ ಮೊದಲು ರೇಡಿಯೋ ರಿಪೇರಿಯವರು. ರೇಡಿಯೋ ಮೂಲೆ ಸೇರಿದಾಗ ಎಲೆ ಪೆಂಡಿ ಹೊತ್ತು ಮನೆ ನಡೆಸಿದರು. ಈಗ ದಿನಕ್ಕೆ ಮೂರ್ನಾಲ್ಕು ಕೀಬೋರ್ಡು ಬಿಚ್ಚುತ್ತಾರೆ. ಬಿಚ್ಚಿದಾಗಲೆಲ್ಲ ಮಾಡಿದವನ ಮನಸ್ಸು ಕಾಣುತ್ತದಂತೆ.

“ಒಬ್ಬ ಕಂಪನಿಯಾಂವ ಅಗ್ಗದ್ದರಾಗ ದನೀನ ಬಡವ ಮಾಡಿ, ಮ್ಯಾಲ ಲೈಟ್ ಮಿಣಮಿಣ ಅನಸ್ತಾನ. ಇನ್ನೊಬ್ಬ ದನಿ ಮುಟ್ಟಂಗಿಲ್ಲ, ಮೈ ಹಗುರ ಮಾಡ್ತಾನ. ಇದು ಆ ಎರಡನೇದಾಂವಂದು ನೋಡ್ರಿ.”

ಪಕ್ಕದಲ್ಲಿ ಅದೇ ಕಂಪನಿಯ ದುಬಾರಿ ಕೀಬೋರ್ಡು ತೆರೆದಿಡುತ್ತಾರೆ. ಅದರ ಪ್ರತಿ ಮನೆಯಡಿ ಎರಡು ಕಾಲಿನ ರಬ್ಬರು. ಮೆಲ್ಲಗೆ ಒತ್ತಿದ್ದೋ, ಜೋರಾಗಿ ಬಡಿದದ್ದೋ ಅದಕ್ಕೆ ತಿಳಿಯುತ್ತದೆ. ಬೆರಗಿನ ಸಂಗತಿಯೆಂದರೆ ಅಗ್ಗದ್ದರಲ್ಲೂ ಅದೇ ಅಚ್ಚಿನ, ಅದೇ ಎರಡು ಕಾಲಿನ ರಬ್ಬರು. ತಂತಿ ಮಾತ್ರ ಒಂದೇ ಕಾಲಿಗೆ! ಎಲ್ಲಿಯದೋ ಕಾರ್ಖಾನೆಯವನ ಈ ಜಾಣತನ ಸವಣೂರಿನ ಓಣಿಯಲ್ಲಿ ಬಯಲಾಗುತ್ತದೆ.

ದಾನವ್ವನ ಮಾಡೆಲ್ಲಿನ ರಬ್ಬರು ಈಗ ಸಿಗುವುದಿಲ್ಲ. ಅದರದೇ ತುದಿಯ, ಹಾಡಿಗೆ ಅಷ್ಟಾಗಿ ಬೇಕಾಗದ ಮನೆಗಳ ರಬ್ಬರು ಹಿಂದಿನ ರಿಪೇರಿಗಳಿಗೇ ಖರ್ಚಾಗಿವೆ. ಉಳಿದದ್ದು ಆ ದುಬಾರಿಯದೊಂದೇ. ಅದು ದಾದಾಪೀರರ ಸ್ವಂತದ್ದು. ಆರ್ಕೆಸ್ಟ್ರಾದವರು ಗುಜರಿಗೆ ಹಾಕಿದ್ದನ್ನು ತಂದು, ಮೂರು ವರ್ಷ ಬಿಡಿಭಾಗ ಕೂಡಿಸಿದ್ದಾರೆ. ಹೋದ ವಾರವಷ್ಟೇ ಎಲ್ಲ ಮನೆಯೂ ಮಾತಾಡಿದೆ.

ಅದರ ತುದಿಯ ಮನೆಯ ಮೇಲೆ ಒಮ್ಮೆ ಬೆರಳಾಡಿಸುತ್ತಾರೆ. ಆಮೇಲೆ ಬ್ಲೇಡು ತೆಗೆದು ಅದರಡಿಯ ರಬ್ಬರು ಕತ್ತರಿಸಿ, ದಾನವ್ವನ ಕೀಬೋರ್ಡಿನಲ್ಲಿ ಕೂರಿಸುತ್ತಾರೆ.

ದಾನವ್ವ ಒತ್ತುತ್ತಾರೆ. ಸ್ವರ ತುಂಬಿಕೊಂಡು ಏಳುತ್ತದೆ. ಆಕೆ ಅದಕ್ಕೆ ದನಿ ಸೇರಿಸಿ ಒಂದು ಸಾಲು ಹಾಡುತ್ತಾರೆ.

“ಕಡ್ಡಿ ಬ್ಯಾಡ್ರಿ ಯವ್ವಾ. ಭಜನ್ಯಾಗ ನಿಮ್ಮ ಬಾಜೂಕ ಮೊಮ್ಮಗಳು ಕುಂದರ್ತಾಳಲ್ಲ, ಆಕಿ ಬೆರಳು ಇಡಸ್ರಿ,” ಎಂದು ಬಸ್ಸಿನವರೆಗೂ ಹೇಳಿ ಬರುತ್ತಾರೆ.

ನಿಮ್ಮದರಲ್ಲಿ ಒಂದು ಮನೆ ಹೋಯಿತಲ್ಲ ಎಂದರೆ ದಾದಾಪೀರ ಬಟ್ಟೆ ತೆಗೆದುಕೊಂಡು ತಮ್ಮ ಕೀಬೋರ್ಡಿನ ಧೂಳು ಒರೆಸುತ್ತಾರೆ.

“ಆ ಕಡೀ ಮನಿ ಇಲ್ಲಿದ್ರ ನನಗೊಬ್ಬಗ ಕೇಳ್ತಿತ್ರಿ. ಇವತ್ತ ಸಂಜಿಗೆ ಊರಿಗೆ ಕೇಳ್ತದ.”