ದಬ್ಬಣದಕ್ಕ ಬಿಡದ ಒಂದು ಪದ

ಬೆಳಕು ಹರಿಯುವ ಮುನ್ನವೇ ಆಕೆ ಸ್ಮಾರಕದ ಕಪ್ಪು ಕಲ್ಲಿನ ಮುಂದೆ ಮಂಡಿಯೂರಿ ಕೂತಾಗಿದೆ. ಪಕ್ಕದಲ್ಲಿ ಒಂದು ಬಕೆಟ್ ನೀರು, ಸವೆದ ಬ್ರಷ್ಷು, ಬಿಳಿ ಬಣ್ಣದ ಡಬ್ಬಿ. ಕೈಯಲ್ಲಿ ಗೋಣಿಚೀಲ ಹೊಲಿಯುವ ದಬ್ಬಣ. ಕೆತ್ತಿದ ಹೆಸರುಗಳಲ್ಲಿ ಕೂತ ಪಾಚಿ, ಮಣ್ಣು, ಇರುವೆಗಳ ಸಂಸಾರ ಎಲ್ಲವನ್ನೂ ಅದರ ಮೊನೆಯಿಂದ ಕೆದಕಿ, ಮಾಸಿದ ಕಡೆ ಬಣ್ಣ ತುಂಬುವುದು ಆಕೆಯ ಕೆಲಸ. ಊರಿಗೆಲ್ಲ ಆಕೆ ದಬ್ಬಣದಕ್ಕ.

ಇವತ್ತು ಮಾತ್ರ ಕೈ ಹೆಸರುಗಳ ಕಡೆ ಹೋಗಿಲ್ಲ. ಅವುಗಳ ಮೇಲೊಂದು ಸಾಲಿದೆ: ‘ಹೊರಗಿನಿಂದ ಬೀಗ ಹಾಕಿದ ಬಾಗಿಲ ಹಿಂದೆ ಬೆಂಕಿಗೆ ಬಲಿಯಾದವರು.’ ಅದರಲ್ಲಿ ‘ಬೀಗ’ ಎಂಬ ಪದಕ್ಕೆ ಯಾರೋ ರಾತ್ರೋರಾತ್ರಿ ಸಿಮೆಂಟು ಮೆತ್ತಿದ್ದಾರೆ.

“ಹೋದ ಸಲ ಮೇಣ ಮೆತ್ತಿದ್ರು. ಈ ಸಲ ಸಿಮೆಂಟು. ಪಾಪ, ಅವರೂ ಕೆಲಸ ಕಲೀತಾ ಇದ್ದಾರೆ” ಎನ್ನುತ್ತ ದಬ್ಬಣ ಒತ್ತುತ್ತಾರೆ.

ಇಲ್ಲಿ ಹಿಂದೆ ಗೋಣಿಚೀಲದ ಗಿರಣಿಯಿತ್ತು. ಕೆಲಸಗಾರರು ನಡುವೆ ನುಣುಚಿಕೊಳ್ಳಬಾರದೆಂದು, ಗಂಟೆ ಬಾರಿಸಿದ ಕೂಡಲೇ ಬಾಗಿಲಿಗೆ ಹೊರಗಿನಿಂದ ಬೀಗ ಬೀಳುತ್ತಿತ್ತು. ದಬ್ಬಣದಕ್ಕ, ಆಕೆಯ ಸ್ವಂತ ಅಕ್ಕ ಇಬ್ಬರೂ ಅಲ್ಲೇ ಚೀಲ ಹೊಲಿಯುತ್ತಿದ್ದರು. ಆ ದಿನ ಅಕ್ಕ ಹೊತ್ತಿಗೆ ಸರಿಯಾಗಿ ಒಳಗೆ ಹೋದಳು. ತಂಗಿ ತಲೆ ಬಾಚುತ್ತ ತಡ ಮಾಡಿದಳು.

“ಓಡ್ಕೊಂಡು ಬಂದೆ, ಬೀಗ ಬಿದ್ದಿತ್ತು. ತಡ ಮಾಡಿದ್ದು ನಾನು, ಬೈದಿದ್ದು ಬೀಗಕ್ಕೆ. ಬೈತಾ ನಿಂತಾಗಲೇ ಹೊಗೆ ಬಂತು. ಒಳಗಿಂದ ಅಕ್ಕ ನನ್ನ ಹೆಸರು ಹಿಡಿದು ಕೂಗಿದ್ಳು. ಕಲ್ಲು ತಗೊಂಡು ಜಜ್ಜಿದೆ, ಜಜ್ಜಿದೆ. ಒಡೀಲಿಲ್ಲ.”

ಆ ಬೀಗವನ್ನು ಹೊರಗಿನಿಂದ ಕಂಡು ಬದುಕಿರುವವರು ಈಗ ಆಕೆಯೊಬ್ಬರೇ. ಆ ಸಿಟ್ಟು ಇನ್ನೂ ಆರಿಲ್ಲ, ಆರಿಸಿಕೊಳ್ಳುವ ಇರಾದೆಯೂ ಆಕೆಗಿಲ್ಲ.

ಗಿರಣಿ ಹೋದ ಮೇಲೆ ಪಕ್ಕದ ಪುಟ್ಟ ಊರು ಸ್ಮಾರಕ ನೋಡಲು ಬರುವವರನ್ನೇ ನೆಚ್ಚಿಕೊಂಡಿದೆ. ಬಸ್ಸಿಳಿದವರು ಚಹಾ ಕುಡಿಯುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ, ‘ಬೀಗ’ ಎಂಬಲ್ಲಿಗೆ ಬಂದಾಗ ಯಾರು ಹಾಕಿದ್ದು ಎಂದು ಕೇಳುತ್ತಾರೆ. ಆ ಪ್ರಶ್ನೆಯೇ ಸ್ಮಾರಕ ಸಮಿತಿಯ ಅಧ್ಯಕ್ಷರಿಗೆ ನುಂಗಲಾರದ ತುತ್ತು. ಅವರ ಮಗಳನ್ನು ಕೊಟ್ಟಿರುವುದು ಗಿರಣಿ ಮಾಲೀಕರ ಮನೆಗೇ. “ಬೀಗ ಹಾಕಿದವರು ತಣ್ಣಗಿದ್ದಾರೆ, ಉರಿಯೆಲ್ಲ ಬೀಗರಿಗೆ” ಎಂದು ಚಹಾ ಅಂಗಡಿಯವನು ಲೋಟ ತೊಳೆಯುತ್ತ ನಗುತ್ತಾನೆ.

ಬಿಸಿಲೇರುವ ಹೊತ್ತಿಗೆ ಅಧ್ಯಕ್ಷರೇ ಬರುತ್ತಾರೆ. ‘ಬೀ’ ಆಗಲೇ ಪೂರ್ತಿ ಕಾಣುತ್ತಿದೆ.

“ಬೆಂಕಿ ಅಂತ ಇದೆಯಲ್ಲಮ್ಮ, ಸಾಲದಾ? ಬಂದವರಿಗೆ ಸುಮ್ಮನೆ ಬೇಜಾರು.”

“ಬೇಜಾರಾಗ್ಲಿ ಅಂತಾನೇ ಅಲ್ವಾ ಕಲ್ಲು ನಿಲ್ಲಿಸಿರೋದು? ಬೆಂಕಿ ತಾನಾಗೇ ಹತ್ತಬಹುದು ಸ್ವಾಮಿ. ಬೀಗ ತಾನಾಗೇ ಬೀಳಲ್ಲ.”

“ಹಾಗಾದರೆ ನಾಳೆಯಿಂದ ಕೆಲಸಕ್ಕೆ ಬರಬೇಡಿ.”

ಒಂಟಿ ಹೆಂಗಸಿಗೆ ಹೊಟ್ಟೆಪಾಡಿಗಿರುವುದು ಇದೊಂದೇ ಕೆಲಸ. ಆದರೂ ಆಕೆ ‘ಗ’ದೊಳಗಿನ ಕೊನೆಯ ಚೂರನ್ನೂ ಕೆದಕಿ, ಊದಿ, ಬಿಳಿ ಬಣ್ಣ ತುಂಬುತ್ತಾರೆ. ಬಕೆಟ್, ಬ್ರಷ್ಷು, ಡಬ್ಬಿಯನ್ನು ಅಧ್ಯಕ್ಷರ ಕಾಲಬುಡದಲ್ಲಿ ಸಾಲಾಗಿ ಇಡುತ್ತಾರೆ. ದಬ್ಬಣ ಮಾತ್ರ ಕೈಚೀಲ ಸೇರುತ್ತದೆ.

“ಇದು ನಂದು, ಗಿರಣಿ ಕಾಲದ್ದು. ಕೆಲಸಕ್ಕೆ ಬರಲ್ಲ, ಆಯ್ತು. ನಾಳೆಯಿಂದ ಅಕ್ಕನ್ನ ನೋಡೋಕೆ ಬರ್ತೀನಿ” ಎನ್ನುತ್ತಾರೆ. ಗೇಟಿನವರೆಗೆ ಹೋದವರು ತಿರುಗಿ ನಿಲ್ಲುತ್ತಾರೆ.

“ಬಾಗಿಲು ತೆಗೆದಿರುತ್ತಲ್ಲ? ಇಲ್ಲಾ, ಇದಕ್ಕೂ ಬೀಗ ಹಾಕ್ತೀರೋ?”