ಮೂಡಣ ಕಿಟಕಿಯ ಬದನೆ ಸಸಿ

ನಮ್ಮ ಮನೆಯಲ್ಲಿ ಮೂಡಣ ದಿಕ್ಕಿಗೆ ಇರುವುದು ಒಂದೇ ಕಿಟಕಿ. ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಹಳೇ ಕಟ್ಟಡದ ಎರಡನೇ ಮಹಡಿ, ಎರಡು ಕೋಣೆ, ಒಂದು ಅಡುಗೆಮನೆ, ಮೂರು ಜನ. ಆ ಕಿಟಕಿಯ ಕೆಳಗೆ ಮಣೆ ಹಾಕಿಕೊಂಡು ನಮ್ಮ ಅತ್ತೆ ದಿನಾ ಬೆಳಗ್ಗೆ ಲಿಂಗಪೂಜೆ ಮಾಡುತ್ತಿದ್ದರು. ನಾವು ಈ ಮನೆಗೆ ಬಂದಾಗಿನಿಂದ ಆ ಜಾಗ ಅವರದೇ ಆಗಿತ್ತು. ಒಮ್ಮೆ ಅಲ್ಲಿ ನಾನು ಒದ್ದೆ ಕರವಸ್ತ್ರ ಒಣಹಾಕಿದ್ದಕ್ಕೆ ಮೂರು ದಿನ ಮಾತು ಬಿಟ್ಟಿದ್ದರು. ಅಂಥ ಕಿಟಕಿಯ ಕಟ್ಟೆಯ ಮೇಲೆ ಹೋದ ಬೇಸಿಗೆಯಲ್ಲಿ ನಾನು ಮಣ್ಣು ತುಂಬಿದ ಹಾಲಿನ ಪ್ಯಾಕೆಟ್ಟುಗಳನ್ನು ಸಾಲಾಗಿ ಇಡಲು ಹೊರಟೆ. ಅಷ್ಟು ಧೈರ್ಯ ಎಲ್ಲಿಂದ ಬಂತೋ!

ಕಾರಣ ನಮ್ಮವ್ವ. ಕುರುಗೋಡಿನ ನಮ್ಮ ಹೊಲದಲ್ಲಿ, ಬಾವಿಯ ಪಕ್ಕ ಅವಳು ಪ್ರತಿ ವರ್ಷ ಒಂದು ಸಾಲು ಬದನೆ ಹಾಕುತ್ತಿದ್ದಳು. ಹಸಿರಿನ ಮೇಲೆ ಬಿಳಿ ಗೆರೆ, ತೊಟ್ಟಿನ ತುಂಬ ಮುಳ್ಳು, ಎಣ್ಣೆಗಾಯಿ ಮಾಡಿದರೆ ಬೆಣ್ಣೆಯಂತೆ ಕರಗುವ ಕಾಯಿ. ಅವಳಿಗೆ ಅದನ್ನು ಅವಳ ಅವ್ವ ಕೊಟ್ಟಿದ್ದಂತೆ. ಅವ್ವ ಹೋದ ಮೇಲೆ ಅವಳ ಕೋಣೆ ಚೊಕ್ಕ ಮಾಡುವಾಗ ಗೋಡೆಯ ಗೂಡಿನಲ್ಲಿ ಒಂದು ಹಳೇ ಪೌಡರ್ ಡಬ್ಬಿ ಸಿಕ್ಕಿತು. ತೆರೆದರೆ ಬೂದಿ. ಬೂದಿಯೊಳಗೆ ಬೆರಳಾಡಿಸಿದರೆ ಚಿಟಿಕೆಯಷ್ಟು ಬದನೆ ಬೀಜ. ಹುಳ ಹಿಡಿಯದಿರಲಿ ಎಂದು ಅವಳು ಬೀಜವನ್ನು ಯಾವಾಗಲೂ ಒಲೆಯ ಬೂದಿಯಲ್ಲೇ ಇಡುತ್ತಿದ್ದಳು. ನಾನು ಅಲ್ಲೇ ಕುಕ್ಕರಗಾಲಲ್ಲಿ ಕೂತು ಅತ್ತುಬಿಟ್ಟೆ.

ಅಣ್ಣ ಡಬ್ಬಿ ಇಣುಕಿ ನೋಡಿ ತಲೆ ಅಲ್ಲಾಡಿಸಿದ. “ಇದಾ ಕಡೀ ಬೀಜ, ತಂಗಿ. ಅವ್ವ ಮಲಗಿದ ಮ್ಯಾಲ ಎರಡು ವರ್ಷ ಯಾರೂ ಹಾಕಿಲ್ಲ. ಇನ್ನೊಂದು ವರ್ಷ ಬಿಟ್ರ ಇವು ಹುಟ್ಟಂಗಿಲ್ಲ. ನನಗ ಪುರಸೊತ್ತಿಲ್ಲ, ನೀ ಸಸಿ ಮಾಡಿ ತಂದು ಕೊಡು. ಬಾವಿ ಹತ್ರ ಒಂದು ಸಾಲು ಬಿಟ್ಟಿರ್ತೀನಿ.”

ನಾನು ಕಂಟೋನ್ಮೆಂಟಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು. ಬೀಜ ಮೊಳೆಯುವ ಪಾಠವನ್ನು ಎಷ್ಟು ಸಲ ಮಾಡಿದ್ದೇನೋ ಲೆಕ್ಕವಿಲ್ಲ. ಅದೇನು ಮಹಾ ಕೆಲಸ ಎಂದು ಡಬ್ಬಿ ಚೀಲಕ್ಕೆ ಹಾಕಿಕೊಂಡು ಬಂದೆ. ಮಾಳಿಗೆಯ ಮೇಲೆ ಇಟ್ಟರೆ ಬಳ್ಳಾರಿಯ ಮೇ ತಿಂಗಳ ಬಿಸಿಲಿಗೆ ಬೀಜ ಹುರಿದೇ ಹೋಗುತ್ತವೆ. ಉಳಿದದ್ದು ಆ ಕಿಟಕಿ ಒಂದೇ.

ಅತ್ತೆ ಪ್ಯಾಕೆಟ್ಟುಗಳನ್ನು ನೋಡಿದರು, ನನ್ನನ್ನು ನೋಡಿದರು. “ಊರಾಗಿನ ಮಣ್ಣೆಲ್ಲ ತಂದು ದೇವರ ಎದುರು ಸುರೀತೀ ಏನವಾ?”

“ಒಂದೇ ತಿಂಗಳು ರೀ ಅತ್ತಿ. ನಮ್ಮವ್ವನ ಬೀಜ.”

ಅವ್ವನ ಹೆಸರು ಎತ್ತಿದ್ದಕ್ಕೆ ಒಪ್ಪಿದರು. ಜೊತೆಗೇ ಒಂದು ಕರಾರು ಬಂತು. “ಇಡು. ಆದ್ರ ನನ್ನ ಮಣಿ ಮ್ಯಾಲ ಒಂದು ಹನಿ ಕೆಸರು ನೀರು ಬಿದ್ರ ನೋಡು, ಎಲ್ಲಾ ಎತ್ತಿ ಬೀದಿಗೆ ಒಗೀತೀನಿ!”

ನಾನು ಒಳಗೊಳಗೇ ಗೆದ್ದೆ ಎಂದುಕೊಂಡೆ. ಗೆಲುವಿನ ಖುಷಿಯಲ್ಲಿ ಒಂದು ಕೆಲಸ ಮಾಡಿದೆ. ಪ್ಯಾಕೆಟ್ಟಿನ ತಳಕ್ಕೆ ತೂತು ಹಾಕಬೇಕು, ಹೆಚ್ಚಾದ ನೀರು ಸೋರಿ ಹೋಗಬೇಕು ಎಂದು ಮಕ್ಕಳಿಗೆ ನಾನೇ ಹೇಳುತ್ತೇನೆ. ಆದರೆ ಸೋರಿದರೆ ಮಣೆಯ ಮೇಲೆ ಬೀಳುತ್ತದೆ, ರಾಮಾಯಣ ಆಗುತ್ತದೆ. ತೂತು ಹಾಕಲಿಲ್ಲ. ಅಳತೆ ಮಾಡಿ ಚಮಚದಲ್ಲಿ ನೀರು ಹಾಕಿದರೆ ಸಾಕು ಎಂದು ನನ್ನ ಬುದ್ಧಿ ನನಗೆ ಹೇಳಿತು. ಮೋಕಾ ಕಡೆಯಿಂದ ಸ್ಕೂಟರಿನಲ್ಲಿ ಎರೆಮಣ್ಣು ತಂದುಕೊಟ್ಟಿದ್ದ ನನ್ನ ಗಂಡ, “ಇನ್ನ ನೀವಿಬ್ರೂ ಏನರ ಮಾಡ್ಕೊಳ್ರಿ, ನನ್ನ ನಡುವ ಎಳೀಬ್ಯಾಡ್ರಿ” ಎಂದು ಕೈ ತೊಳೆದುಕೊಂಡರು.

ಇದ್ದ ಬೀಜವನ್ನೆಲ್ಲ ಹಾಕಿದೆ. ಒಂದನ್ನೂ ಉಳಿಸಿಕೊಳ್ಳಲಿಲ್ಲ. ಹತ್ತನೇ ದಿನ ಬೆಳಗ್ಗೆ ಮಣ್ಣು ಸೀಳಿಕೊಂಡು ಎರಡೆರಡು ಎಲೆ ಎದ್ದು ನಿಂತಿದ್ದವು. ಹತ್ತೊಂಬತ್ತು! ನಾನು ಹಲ್ಲುಜ್ಜುವುದನ್ನೂ ಬಿಟ್ಟು ಎಣಿಸಿದೆ. ಅತ್ತೆಯೂ ಕನ್ನಡಕ ಹಾಕಿಕೊಂಡು ಬಂದು ಬಗ್ಗಿ ನೋಡಿದರು. “ಮುಳಗಾಯಿ ಇಷ್ಟು ಸಣ್ಣಾಗಿ ಹುಟ್ತೈತೇನ? ನಮ್ಮ ಸಿರುಗುಪ್ಪಿ ಕಡಿ ಭತ್ತದ ಸಸಿ ನೋಡಬೇಕು, ಹಸಿರು ಚಾಪಿ ಹಾಸಿದಂಗ ಇರ್ತೈತಿ.” ಬದನೆಗೆ ಅವರು ಮುಳಗಾಯಿ ಎನ್ನುವುದು; ಅವರ ತವರು ಸಿರುಗುಪ್ಪ. ಅಲ್ಲಿ ಕಾಲುವೆ ನೀರು, ಗದ್ದೆ, ಎಲ್ಲೆಲ್ಲೂ ಭತ್ತ.

ಶಾಲೆ ಶುರುವಾಯಿತು. ಆ ವಾರವೇ ಸಸಿಗಳು ಬೀಳತೊಡಗಿದವು. ಸಂಜೆ ಬಂದು ನೋಡಿದರೆ ಎರಡು ಸಸಿಗಳ ಕಾಂಡ ಬುಡದಲ್ಲಿ ನೂಲಿನಂತಾಗಿ ಮಲಗಿರುತ್ತಿತ್ತು, ಮರುದಿನ ಇನ್ನು ಮೂರು. ನಾನು ಚಮಚದ ನೀರನ್ನೂ ನಿಲ್ಲಿಸಿದೆ. ಆದರೂ ಮಣ್ಣು ಆರುತ್ತಿರಲಿಲ್ಲ. ಕಿಟಕಿ ಮುಚ್ಚಿದ್ದಕ್ಕೆ ಹೀಗಾಯಿತು ಎಂದು ಗಂಡನ ಮೇಲೆ ಹರಿಹಾಯ್ದೆ. ಆ ಮನುಷ್ಯ ಪಾಪ, ಕಿಟಕಿಯ ಹತ್ತಿರವೂ ಸುಳಿದಿರಲಿಲ್ಲ. ಹತ್ತೊಂಬತ್ತು ಇದ್ದದ್ದು ಎಂಟಾಯಿತು. ನನಗೆ ಊಟ ಸೇರುತ್ತಿರಲಿಲ್ಲ.

ಒಂದು ಬೆಳಗ್ಗೆ ಆಟೋ ಹತ್ತುವ ಹೊತ್ತಿಗೆ ಕನ್ನಡಕ ಮರೆತದ್ದು ನೆನಪಾಗಿ ಮೆಟ್ಟಿಲು ಹತ್ತಿ ವಾಪಸ್ ಬಂದೆ. ಅತ್ತೆಯ ಪೂಜೆ ಆಗಷ್ಟೇ ಮುಗಿದಿತ್ತು. ಲಿಂಗ ತೊಳೆದ ನೀರಿನ ಬಟ್ಟಲು ಹಿಡಿದು, ಒಂದೊಂದೇ ಪ್ಯಾಕೆಟ್ಟಿಗೆ ಸಮನಾಗಿ, ಭಕ್ತಿಯಿಂದ ನೀರು ಹಾಕುತ್ತಿದ್ದರು.

“ಅತ್ತೀ! ಏನ್ ಮಾಡಾಕತ್ತೀರಿ?” ನಾನು ಕಿರುಚಿಬಿಟ್ಟೆ. ಮುಂದೆ ಬಂದದ್ದು ಬಾಯಿಗೆ ಬಂದ ಮಾತು. “ನಿಮ್ಮ ಪೂಜಿ ಮುಗೀತು, ನಮ್ಮವ್ವನ ಬೀಜಾನೂ ಮುಗೀತು! ತೃಪ್ತಿ ಆತೇನ್ರಿ ಈಗ?”

ಅವರ ಕೈಯಲ್ಲಿ ಬಟ್ಟಲು ಹಾಗೇ ನಿಂತಿತು. ಜಗಳಕ್ಕೆ ಜಗಳ ಕೊಡುವ ಹೆಂಗಸು, ಅವತ್ತು ದನಿ ಏರಿಸಲಿಲ್ಲ. “ತೀರ್ಥ ಮೋರಿಗೆ ಚೆಲ್ಲಾಕ ಬರ್ತೈತೇನವಾ? ಮೊದಲ ದಿನಾ ಕೆಳಗ ಹೋಗಿ ಪತ್ರಿ ಗಿಡಕ್ಕ ಹಾಕಿ ಬರ್ತಿದ್ದೆ. ಈಗ ಮೊಣಕಾಲು ಎಲ್ಲಿ ಇಳಿಯಾಕ ಬಿಡ್ತಾವ? ಈ ಮನ್ಯಾಗ ಮಣ್ಣು ಅಂತ ಇರಾದು ಇಷ್ಟ. ಸಸಿ ಬುಡದಾಗ ನೀರು ನಿಂತ್ರ ಚಲೋ ಅಂತ ತಿಳ್ಕಂಡೆ. ನಿಮ್ಮವ್ವನ ಬೀಜ ಅಲ್ಲೇನು, ತೀರ್ಥ ಬಿದ್ರ ಆಕಿಗೂ ಮುಟ್ಟತೈತಿ ಅಂತ ಹಾಕಿದೆ.”

ಭತ್ತದ ಮಡಿ ನೋಡಿ ಬೆಳೆದವರಿಗೆ ನೀರು ನಿಂತರೆ ಸಸಿ ಕೊಳೆಯುತ್ತದೆ ಎಂದು ಯಾರು ಹೇಳಬೇಕಿತ್ತು? ಅವರು ಎರಡು ಮಹಡಿ ಇಳಿಯುವುದನ್ನು ನಿಲ್ಲಿಸಿದ್ದಾರೆ, ಆ ನೀರು ಎಲ್ಲಿಗೆ ಹೋಗುತ್ತಿದೆ ಎಂದು ನಾನು ಒಂದು ದಿನ ಕೇಳಿದ್ದರೆ ಸಾಕಿತ್ತು. ಒಂದು ಪ್ಯಾಕೆಟ್ಟು ಎತ್ತಿ ಓರೆ ಮಾಡಿದೆ. ಕೆಸರು ಗುಳುಗುಳು ಎಂದಿತು. “ಇದರಾಗ ನನ್ನ ತಪ್ಪೂ ಐತಿ ರೀ. ತಳಕ್ಕ ತೂತಾ ಹಾಕಿಲ್ಲ ನಾನು. ನೀರಿಗೆ ಹೋಗಾಕ ದಾರಿ ಇಲ್ಲ” ಎಂದೆ. ಯಾಕೆ ಹಾಕಿಲ್ಲ ಎಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕನ್ನಡಕ ತೆಗೆದುಕೊಂಡು ಶಾಲೆಗೆ ಹೋದೆ. ಇಡೀ ದಿನ ನನ್ನ ಮಾತೇ ನನಗೆ ಚುಚ್ಚುತ್ತಿತ್ತು.

ಸಂಜೆ ಬಂದಾಗ ಅತ್ತೆ ಕಿಟಕಿಯ ಕೆಳಗೆ ನೆಲದ ಮೇಲೆ ಕೂತಿದ್ದರು. ಕೈಯಲ್ಲಿ ದಬ್ಬಣ. ಪ್ಯಾಕೆಟ್ಟುಗಳ ತಳವನ್ನೆಲ್ಲ ಚುಚ್ಚಿ ತೂತು ಮಾಡಿ, ತಮ್ಮ ಪೂಜೆಯ ಮಣೆಯ ಮೇಲೆ ಸಾಲಾಗಿ ನಿಲ್ಲಿಸಿದ್ದರು. ಕಪ್ಪು ನೀರು ಸೋರಿ ಮಣೆಯ ಮೇಲೆ ಹರಡಿತ್ತು.

“ಅಯ್ಯೋ, ಮಣಿ ರೀ!”

“ಮಣಿ ತೊಳದ್ರ ಹೋಗ್ತೈತಿ. ನಿಮ್ಮವ್ವ ಇದ್ದಿದ್ರ ಈಗ ಏನ್ ಮಾಡ್ತಿದ್ಲು, ಅದನ್ನ ಹೇಳು.”

“ಒಲಿ ಬೂದಿ ಉದುರಸ್ತಿದ್ಲು. ಕೊಳೆಯಾದು ನಿಲ್ತೈತಿ ಅಂತಿದ್ಲು. ಗ್ಯಾಸ್ ಒಲಿ ಮನ್ಯಾಗ ಬೂದಿ ಎಲ್ಲಿಂದ ತರಾಣ ರೀ?”

ಅತ್ತೆ ಗೋಡೆ ಹಿಡಿದು ಎದ್ದರು. ದೇವರ ಗೂಡಿನಿಂದ ಬಿಳಿ ಬಟ್ಟೆಯ ಗಂಟು ತಂದು ಬಿಚ್ಚಿದರು. ಶ್ರಾವಣ ಸೋಮವಾರಕ್ಕೆಂದು ತೆಗೆದಿಟ್ಟ ಶ್ರೀಶೈಲದ ವಿಭೂತಿ ಗಟ್ಟಿ. ಅದನ್ನು ನಮಗ್ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ. ಬೇಡ ರೀ ಎಂದು ನಾನು ಕೈ ಹಿಡಿಯುವಷ್ಟರಲ್ಲಿ ಒತ್ತಿ ಮುರಿದೇಬಿಟ್ಟರು.

“ಇದೂ ಬೂದೀನ ಅಲ್ಲೇನು? ನನ್ನ ಹಣಿಗೆ ಹತ್ತೋದು ಸಸಿಗೆ ಹತ್ತಂಗಿಲ್ಲೇನು?”

ಇಬ್ಬರೂ ಕೂತು ಒಂದೊಂದು ಸಸಿಯ ಬುಡಕ್ಕೂ ಬೆರಳಲ್ಲಿ ವಿಭೂತಿ ಉದುರಿಸಿದೆವು. ಕಿಟಕಿ ಸಸಿಗಳಿಗೇ ಇರಲಿ ಎಂದು ಅತ್ತೆ ಮಣೆ ತೊಳೆದು ಫ್ರಿಜ್ಜಿನ ಪಕ್ಕ ಹಾಕಿಕೊಂಡರು. ಮರುದಿನ ಮತ್ತೆ ಮೂರು ಬಿದ್ದವು. ಆಮೇಲೆ ಬೀಳಲಿಲ್ಲ. ಐದು ಉಳಿದವು.

ಜೂನ್ ಕೊನೆಗೆ ಐದೂ ಸಸಿಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಕುರುಗೋಡಿಗೆ ಹೋದೆ. ಅಣ್ಣ, ಒಂದು ಸಾಲಿಗೆ ಐದೇನಾ ಎಂದು ನಕ್ಕ. ನಕ್ಕರೂ ಸುತ್ತ ಮುಳ್ಳು ಕಟ್ಟಿ ಕಾಪಾಡಿದ. ದಸರೆಯ ಹೊತ್ತಿಗೆ ಒಂದು ಚೀಲ ಬದನೆ ಕಳಿಸಿದ. ಎಣ್ಣೆಗಾಯಿ ಮಾಡಿದೆ. ಅತ್ತೆ ಎರಡು ರೊಟ್ಟಿ ಹೆಚ್ಚಿಗೆ ತಿಂದರು. “ಎರಡು ಕಾಯಿ ಗಿಡದಾಗ ಹಣ್ಣಾಗಾಕ ಬಿಡು ಅಂತ ನಿಮ್ಮಣ್ಣಗ ಹೇಳು” ಎಂದರು. ಆ ಹಣ್ಣಿನ ಬೀಜ ಈಗ ಅವ್ವನ ಪೌಡರ್ ಡಬ್ಬಿಯಲ್ಲಿ, ಉಳಿದ ವಿಭೂತಿಯ ಪುಡಿಯಲ್ಲಿ, ಅತ್ತೆಯ ದೇವರ ಗೂಡಿನಲ್ಲಿ ಇದೆ.

ಕಿಟಕಿ ಖಾಲಿಯಾಗಿ ತಿಂಗಳುಗಳೇ ಆದವು. ಅತ್ತೆ ಇನ್ನೂ ಫ್ರಿಜ್ಜಿನ ಪಕ್ಕ ಗೋಡೆಗೆ ಮುಖ ಮಾಡಿ ಪೂಜೆಗೆ ಕೂಡುತ್ತಾರೆ. ಪೂಜೆಯ ನೀರನ್ನು ನಾನು ಶಾಲೆಗೆ ಹೋಗುವಾಗ ಪತ್ರೆ ಗಿಡಕ್ಕೆ ಹಾಕಿ ಹೋಗುತ್ತೇನೆ. ಮೊನ್ನೆ ತಡೆಯಲಾರದೆ ಮಣೆ ಎತ್ತಿಕೊಂಡು ಹೋಗಿ ಕಿಟಕಿಯ ಕೆಳಗೆ ಇಟ್ಟೆ. “ನಿಮ್ಮ ಜಾಗಕ್ಕ ಬರ್ರಿ ಅತ್ತಿ. ಈಗ ಅಲ್ಲಿ ಏನೂ ಇಲ್ಲ.”

ಅವರು ಮಣೆಯನ್ನು ಎರಡೂ ಕೈಯಿಂದ ಎತ್ತಿ ಮತ್ತೆ ಫ್ರಿಜ್ಜಿನ ಪಕ್ಕ ತಂದಿಟ್ಟರು.

“ಅದು ನಿಮ್ಮವ್ವನ ಜಾಗ. ಬ್ಯಾಸಿಗಿಗೆ ಬರ್ತಾಳ. ನಾ ಇಲ್ಲೇ ಅದೀನಿ.”