ಕೇಬಲ್ಲಿಗೆ ಕಿವಿಗೊಟ್ಟ ಭಾಭಿ

ಬ್ಯಾಡಗಿಯ ನಮ್ಮ ಓಣಿಯಲ್ಲಿ ಗೋಡೆಗೆ ಗೋಡೆ ಹತ್ತಿದ ಮನೆಗಳು. ಮನೆಯಲ್ಲೇ ಕೂತು ದೂರದೂರಿನವರೊಡನೆ ಮಾತಾಡುವ ಹ್ಯಾಮ್ ರೇಡಿಯೊದ ಹುಚ್ಚು ಹಿಡಿದ ನನಗೆ ಇಪ್ಪತ್ತು ಮೀಟರ್ ತಂತಿ ಎಳೆಯುವಷ್ಟು ಮಾಳಿಗೆ ಇಲ್ಲ. ಹೀಗಾಗಿ ತಂತಿಯ ಎರಡೂ ತೋಳಿಗೆ ಸುರುಳಿ ಕೂಡಿಸಿ, ಅರ್ಧಕ್ಕೂ ಗಿಡ್ಡದಾದ ಡೈಪೋಲ್ ಎಂಬ ಆಂಟೆನಾ ಕಟ್ಟಿದ್ದೆ. ಅದರಿಂದ ಕೆಳಗಿನ ರೇಡಿಯೊಕ್ಕೆ ಬರುವ ಕೇಬಲ್ಲನ್ನು ಮಾಳಿಗೆಯ ಮೇಲೆ ಅಡ್ಡ ಹಾಯಿಸುವಂತಿರಲಿಲ್ಲ; ಅಲ್ಲಿ ಮೆಣಸಿನಕಾಯಿ ಒಣಹಾಕಿದ್ದರು, ಮನೆಯವಳು ಕಾಲಿಡಗೊಡುತ್ತಿರಲಿಲ್ಲ. ಪಕ್ಕದ ಮನೆಯ ಭಾಭಿಯ ಗೋಡೆಗುಂಟ ಇಳಿಸಿದೆ.

ಭಾಭಿ ಮೋಟಾರ್ ವೈಂಡಿಂಗ್ ಮಾಡುವವರು. ಸುಟ್ಟ ಪಂಪ್‌ಸೆಟ್ಟಿನ ತಾಮ್ರದ ತಂತಿ ಕಿತ್ತು ಹೊಸದು ಸುತ್ತುವುದರಲ್ಲಿ ಅವರನ್ನು ಮೀರಿಸುವವರನ್ನು ನಾನು ಕಂಡಿಲ್ಲ. ಕಿವಿ ಮಾತ್ರ ಮಂದ, ಮಷಿನ್ ಹಾಕಿಕೊಳ್ಳುತ್ತಾರೆ.

ಒಂದು ದಿನ ರಾಣೆಬೆನ್ನೂರಿನಿಂದ ಅವರ ಮಗಳು ನನಗೆ ಫೋನ್ ಮಾಡಿದಳು. "ಕಾಕಾ, ಅಮ್ಮಿ ಆರಾಮ ಅದಾಳೇನ್ರಿ? ಡ್ಯೂಟಿಗೆ ಹೋಗೂಕಿಂತ ಮೊದಲ ಫೋನ್ ಮಾಡ್ತೇನಿ, ಆಕಿಗೆ ಒಂದ ಮಾತೂ ತಿಳಿವಲ್ದು."

ಹೋಗಿ ಕೇಳಿದೆ. ಭಾಭಿ ಸಂಕೋಚಪಟ್ಟೇ ಹೇಳಿದರು: "ನೀವು ಮುಂಜಾನೆ ರೇಡಿಯೊದಾಗ ಮಾತಾಡಿದ್ರ ಕಿವಿ ಮಷಿನ್ನಿನಾಗ ಗೊರಗೊರ ಅಂತೈತ್ರಿ ಸರ್. ಅದಕ್ಕ ತೆಗದಿಡ್ತೇನಿ."

ಮಗಳಿಗೆ ಬಿಡುವಿದ್ದದ್ದು ಅದೊಂದೇ ಹೊತ್ತು. ನಾನು ಆಂಟೆನಾ ಕಟ್ಟಿದಾಗಿನಿಂದ ಮೂರು ತಿಂಗಳು ಈ ತಾಯಿ ತಮ್ಮ ಮಗಳ ಮಾತು ಕಳೆದುಕೊಂಡು, ನನ್ನ ಹವ್ಯಾಸಕ್ಕೆ ಅಡ್ಡಿಯಾಗಬಾರದೆಂದು ಸುಮ್ಮನಿದ್ದರು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ತಪ್ಪು ಆಂಟೆನಾದ್ದೆಂದು ಬಗೆದು ಅದನ್ನು ಮಾಳಿಗೆಯ ಆಚೆ ತುದಿಗೆ ಸರಿಸಿದೆ. ಕೇಬಲ್ ಅವರ ಗೋಡೆಯ ಮೇಲೆ ಇನ್ನಷ್ಟು ಉದ್ದವಾಯಿತು, ಗೊರಗೊರವೂ ಹೆಚ್ಚಿತು. ಹಾವೇರಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಮಹಾಶಯ ನಾನು! "ಎಲ್ಲಾ ಕಿತ್ತುಬಿಡ್ತೇನ್ರಿ ಭಾಭಿ" ಎಂದೆ.

"ತಡೀರಿ ಸರ್. ಎಲ್ಲಿ ಸುಟ್ಟೈತಿ ಅಂತ ನೋಡದ ನಾವು ಮೋಟಾರ್ ಬಿಚ್ಚೂದಿಲ್ಲ. ನೀವು ಒಳಗ ಕುಂತು ಒಂದು, ಎರಡು ಎಣಸ್ರಿ."

ನಾನು ಮೈಕಿನಲ್ಲಿ ಎಣಿಸಿದೆ. ಅವರು ಮಷಿನ್ ಹಾಕಿಕೊಂಡೇ, ಆ ಕರ್ಕಶ ಸದ್ದನ್ನು ಸಹಿಸಿಕೊಂಡು ಮಾಳಿಗೆ ಸುತ್ತಿದರು. ಆಂಟೆನಾದ ಕೆಳಗೆ ನಿಂತರು. ಆಮೇಲೆ ಗೋಡೆಯ ಕೇಬಲ್ಲಿಗೆ ಕಿವಿ ತಂದು ಕೂಗಿದರು: "ಇಲ್ಲೇ ಐತ್ರಿ! ಮ್ಯಾಲಿಂದಲ್ಲ, ಈ ವೈರೇ ಒದರಾಕತ್ತೈತಿ!"

ಆಗ ಹೊಳೆಯಿತು. ಆಂಟೆನಾದಲ್ಲೇ ಇರಬೇಕಾದ ಕರೆಂಟಿನಲ್ಲಿ ಒಂದಿಷ್ಟು ಕೇಬಲ್ಲಿನ ಹೊರಮೈ ಹಿಡಿದು ಕೆಳಗಿಳಿಯುತ್ತಿತ್ತು. ಕೇಬಲ್ಲೂ ಆಂಟೆನಾ ಆಗಿ ಕೂತಿತ್ತು. ಗಿಡ್ಡ ಡೈಪೋಲಿಗೆ ಈ ಚಾಳಿ ಹೆಚ್ಚು. ಆಂಟೆನಾದ ಬುಡದಲ್ಲಿ ಕೇಬಲ್ಲನ್ನೇ ಸುರುಳಿ ಸುತ್ತಿದರೆ ಅದು ಕರೆಂಟು ಕೆಳಗಿಳಿಯದಂತೆ ತಡೆಯುತ್ತದೆಂದು ಓದಿಯೂ ಸೋಮಾರಿತನದಿಂದ ಬಿಟ್ಟಿದ್ದೆ.

"ಸುತ್ತೂದಂದ್ರ ನನಗ ಬಿಡ್ರಿ" ಎಂದರು ಭಾಭಿ. ನಾನಾಗಿದ್ದರೆ ಸಿಂಬಿಯಂತೆ ಸುತ್ತಿ ಕೈತೊಳೆದುಕೊಳ್ಳುತ್ತಿದ್ದೆ. ಅವರು ಪ್ಲಾಸ್ಟಿಕ್ ಪೈಪಿನ ತುಂಡಿಗೆ ಸುತ್ತಿನ ಪಕ್ಕ ಸುತ್ತು, ಒಂದರ ಮೇಲೊಂದು ಏರದಂತೆ ಕೂಡಿಸಿ, ಮೋಟಾರಿಗೆ ಕಟ್ಟುವ ದಾರದಿಂದಲೇ ಬಿಗಿದರು. ಮೆಣಸಿನಕಾಯಿಯ ಘಾಟಿಗೆ ಸೀನುತ್ತ ಪಕ್ಕದಲ್ಲಿ ನಿಂತಿದ್ದ ನಾನು ಆ ಬೆರಳುಗಳನ್ನೇ ನೋಡಿದೆ. ಇಷ್ಟು ವರ್ಷ ಪಾಠ ಹೇಳಿದ ನನ್ನ ಕೈಗೆ ಆ ವಿದ್ಯೆ ಬಂದಿಲ್ಲ.

ಮರುದಿನ ಮುಂಜಾನೆ ಅಳುಕುತ್ತಲೇ ರೇಡಿಯೊ ಹಚ್ಚಿದೆ. ದೂರದ ಗೆಳೆಯನಿಗೆ ಹವಾಮಾನ ಹೇಳುತ್ತಿದ್ದಾಗಲೇ ಗೋಡೆಯಾಚೆ ಫೋನ್ ಬಡಿದುಕೊಂಡಿತು. ನಿಲ್ಲಿಸಬೇಕೆನ್ನಿಸಿತು, ಆದರೂ ಮಾತಾಡುತ್ತಲೇ ಹೋದೆ. ಆಗ ಭಾಭಿಯ ದೊಡ್ಡ ದನಿ ಕೇಳಿಸಿತು.

"ಕೇಳಾಕತ್ತೈತಿ ಬೇಟಾ, ಎಲ್ಲಾ ಕೇಳಾಕತ್ತೈತಿ. ಮೂರು ತಿಂಗಳದ್ದೂ ಇನ್ನೊಮ್ಮೆ ಹೇಳು."